ನೋಡುವ

ಬಹಳ ಹಿಂದೆ, ಸಮುದ್ರ ಇನ್ನೂ ಇಷ್ಟು ಒಳಗೆ ಬಂದಿರದ ಕಾಲದಲ್ಲಿ, ಒಬ್ಬ ರಾಜನಿದ್ದನಂತೆ. ‘ಆಗುವುದಿಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವನಿಗೆ ಮೈಯೆಲ್ಲ ತುರಿಕೆ ಏಳುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಮಾವಿನ ಹಣ್ಣು ಬೇಕೆನ್ನುತ್ತಿದ್ದ, ಅಮಾವಾಸ್ಯೆಯ ದಿನ ಬೆಳದಿಂಗಳೂಟ ಬೇಕೆನ್ನುತ್ತಿದ್ದ. ‘ಅದು ಆಗುವುದಿಲ್ಲ ಪ್ರಭೂ’ ಎಂದು ಮಂತ್ರಿ ಬಾಯಿ ತೆರೆಯುವಷ್ಟರಲ್ಲಿ ಸಿಂಹಾಸನದ ಮೇಲೆ ಕೂತು ಬೆನ್ನು ಕೆರೆದುಕೊಳ್ಳತೊಡಗುತ್ತಿದ್ದ. ಕೊನೆಗೆ ಡಂಗುರ ಸಾರಿಸಿದ: ಇನ್ನು ಮೇಲೆ ಆ ಮಾತು ಆಡಿದವರ ನಾಲಗೆಗೆ ಸುಣ್ಣ. ಊರಿಗೆ ಊರೇ ಬಾಯಿ ಮುಚ್ಚಿ ಕೂತಿತು. ಆಗ ಕಡಲ ಬದಿಯಿಂದ ಒಬ್ಬಳು ಮುದುಕಿ ಹುರುಳಿ ಮಾರಲು ಬಂದಳು. ರಾಜ ಅವಳನ್ನು ತಡೆದು ಹೇಳಿದ, ‘ನನ್ನ ಮುತ್ತಜ್ಜನ ಅರಮನೆ ನೀರಿನ ಅಡಿಯಲ್ಲಿ ಮುಳುಗಿದೆ, ಅದನ್ನು ನನಗೆ ತೋರಿಸು.’ ಮುದುಕಿ ಬುಟ್ಟಿ ಇಳಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ‘ನೋಡುವ’ ಎಂದಳು. ರಾಜನಿಗೆ ತುರಿಕೆ ಏಳಲಿಲ್ಲ. ಅವಳು ಮುಂದೆ, ಅವನು ಹಿಂದೆ, ಇಬ್ಬರೂ ಕಡಲಿನ ಕಡೆ ನಡೆದರು.

ಮುಂದಿನದನ್ನು ಅಜ್ಜಿ ಯಾವತ್ತೂ ಹೇಳಿರಲಿಲ್ಲ. ದಡ ಬರುತ್ತಿತ್ತು, ಮುದುಕಿಯ ಕಾಲಿಗೆ ಮರಳು ತಾಗುತ್ತಿತ್ತು, ಅಷ್ಟರಲ್ಲಿ ಅಜ್ಜಿಗೆ ಆಕಳಿಕೆ. ‘ಆಮೇಲೆ ಎಂತ ಆಯ್ತು ಅಜ್ಜಿ?’ ಎಂದು ಕರ್ಪೂರದ ವಾಸನೆಯ ಆ ಸೆರಗನ್ನು ಎಷ್ಟು ಜಗ್ಗಿದರೂ ‘ನಾಳೆ ನೋಡುವ, ಈಗ ಮಲಗು’ ಎಂಬ ಉತ್ತರ. ಈಗ, ಬಿಜೈಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಕಂಪ್ಯೂಟರಿನ ಬಿಳಿ ಪರದೆಯ ಮುಂದೆ ಕೂತ ಸಮೀಕ್ಷಾಳಿಗೆ ಆ ಮುದುಕಿ ಇನ್ನೂ ದಡದಲ್ಲೇ ನಿಂತಿರುವಂತೆ, ಅವಳ ಬೆನ್ನಿಗೆ ಬಿಸಿಲು ಬಡಿಯುತ್ತಿರುವಂತೆ ಕಂಡಿತು. ಪರದೆಯಲ್ಲಿ ಒಂದೇ ಪದವಿತ್ತು: ಅಸಾಧ್ಯ. ಅದರ ಕೆಳಗೆ ಎರಡು ಖಾಲಿ ಚೌಕ, ಅರ್ಥಕ್ಕೊಂದು, ಬಳಕೆಗೊಂದು. ಉತ್ತರದ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬರುವ ಬ್ಯಾಂಕಿನವರಿಗೆ, ರೈಲ್ವೆಯವರಿಗೆ ಈ ಊರಿನ ಕನ್ನಡ ಕಲಿಸುವ ಆ್ಯಪ್ ಒಂದನ್ನು ಅವಳ ಆಫೀಸು ಮಾಡುತ್ತಿತ್ತು. ಪುಸ್ತಕದ ಪದದ ಎದುರು ಊರಿನ ಬಾಯಿಯಲ್ಲಿ ಓಡಾಡುವ ಪದ ಕೊಡುವುದು, ಅದಕ್ಕೆ ಒಂದು ವಾಕ್ಯ ಬರೆಯುವುದು ಅವಳ ಕೆಲಸ.

‘ಎಂತ ಮಾರಾಯ್ತಿ, ಒಂದು ಪದಕ್ಕೆ ಒಂದು ದಿನವಾ?’ ಬೆನೆಡಿಕ್ಟ್ ಸರ್ ಹಿಂದಿನಿಂದ ಬಗ್ಗಿ ನೋಡಿದರು. ಆಫೀಸಿನ ಯಜಮಾನರಾದರೂ ಎಲ್ಲರ ಟೀ ಲೋಟ ತಾವೇ ಎತ್ತಿಡುವ ಮನುಷ್ಯ.

‘ಸರ್, ಇದನ್ನು ನಮ್ಮ ಊರಲ್ಲಿ ಯಾರೂ ಹೇಳುದೇ ಇಲ್ಲ.’

‘ಅಸಾಧ್ಯ ಅಂತ ಹೇಳುದಾ? ಹಾಗೆ ಹೇಳಿದ್ರೆ ಯಕ್ಷಗಾನ ಅಂತ ನೆಗಾಡಿಯಾರು. ಮತ್ತೆಂತ ಹೇಳ್ತಾರೆ?’

‘ನೋಡುವ ಅಂತ.’

ಬೆನೆಡಿಕ್ಟ್ ಸರ್ ಹೊಟ್ಟೆ ಕುಣಿಸಿ ನಕ್ಕರು. ‘ಕರೆಕ್ಟ್! ಕಳೆದ ವರ್ಷ ಆ ಬ್ಯಾಂಕಿನ ತಿವಾರಿಗೆ ನಮ್ಮ ಓನರ್ ಬಾಡಿಗೆ ಕಡಿಮೆ ಮಾಡುವ ವಿಷಯ ನೋಡುವ ಅಂದದ್ದು. ಪಾಪ, ಅವನು ಹೋಳಿವರೆಗೆ ಕಾದ. ಅದನ್ನೇ ಬರೆ. ಸಂಜೆಯೊಳಗೆ ಕೊಡು.’

ಬರೆಯುವುದು ಅಷ್ಟು ಸುಲಭವಾಗಿದ್ದರೆ. ಆ ಮಾತು ಅವಳಿಗೆ ಮೊದಲು ಸಿಕ್ಕಿದ್ದು ತುಳುವಿನಲ್ಲಿ. ಮನೆಯಲ್ಲಿ ಅಜ್ಜಿ, ಅಪ್ಪ, ಬಂದ ನೆಂಟರು ಎಲ್ಲರೂ ಮಾತು ಮುಗಿಸುವುದು ‘ತೂಕ’ ಎಂದೇ, ನೋಡುವ, ಪುಸ್ತಕದ ಕನ್ನಡದ ‘ನೋಡೋಣ’, ಎಂಬ ಅರ್ಥದಲ್ಲಿ. ಎರಡನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ತಕ್ಕಡಿಯ ಚಿತ್ರದ ಕೆಳಗೆ ‘ತೂಕ’ ಎಂದು ಓದಿದ ದಿನ ಅವಳಿಗೆ ಎಲ್ಲ ಹೊಳೆದುಹೋದಂತಾಗಿತ್ತು. ಹಾಗಾದರೆ ಅಜ್ಜಿಯ ಒಳಗೆ ಒಂದು ತಕ್ಕಡಿ ಇದೆ. ಯಾರು ಏನು ಕೇಳಿದರೂ ಅಜ್ಜಿ ಅದನ್ನು ತಟ್ಟೆಗೆ ಹಾಕಿ, ಮುಳ್ಳು ನಿಲ್ಲುವವರೆಗೆ ಕಾಯುತ್ತಾಳೆ. ಎಷ್ಟೋ ಕಾಲ ಅವಳು ಅದನ್ನೇ ನಂಬಿದ್ದಳು. ಜೋಡಿ ಬೆಕ್ಕಿನಮರಿ ಕೇಳಿದಾಗ ತೂಕ, ಭರತನಾಟ್ಯದ ಕ್ಲಾಸಿಗೆ ತೂಕ, ಅಮ್ಮನ ಹಾಗೆ ತನಗೂ ಮೂಗುತಿ ಬೇಕೆಂದಾಗ ತೂಕ. ಮುಳ್ಳು ಯಾವತ್ತೂ ನಿಲ್ಲುತ್ತಿರಲಿಲ್ಲ. ಅದು ನಿಲ್ಲುವುದೇ ಇಲ್ಲ ಎಂದು ಗೊತ್ತಾದ ದಿನವನ್ನೇ ಜನ ದೊಡ್ಡವಳಾಗುವುದು ಎನ್ನುತ್ತಾರೇನೋ. ಆದರೂ ಅಜ್ಜಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅಪ್ಪನ ನೋಡುವ ಬಾಗಿಲು ಹಾಕಿದ ಹಾಗಿರುತ್ತಿತ್ತು; ಅಜ್ಜಿಯದು ಬಾಗಿಲು ಸ್ವಲ್ಪ ಸರಿಸಿಟ್ಟ ಹಾಗೆ, ಒಳಗಿನಿಂದ ಒಂದು ಗೆರೆ ಬೆಳಕು ಬೀಳುವಷ್ಟು. ಮದುವೆ ಒಲ್ಲೆನೆಂದು ಅತ್ತೆ ಹಟ ಹಿಡಿದಾಗ ಜಾತಕ ತಂದವರಿಗೆಲ್ಲ ಅಜ್ಜಿ ನಾಲ್ಕು ವರ್ಷ ಅದೇ ಒಂದು ಮಾತು ಹೇಳಿ, ನಗುನಗುತ್ತ ಬಾಳೆಹಣ್ಣು ಕೊಟ್ಟು ಕಳಿಸಿದ್ದಳಂತೆ. ಯಾರಿಗೂ ಬೇಸರವಾಗಲಿಲ್ಲ, ಅತ್ತೆ ಎಂ.ಎಸ್ಸಿ. ಮುಗಿಸಿದಳು. ಅಷ್ಟು ಮೆತ್ತಗಿನ ಮಾತಿನಿಂದ ಒಂದು ಜೀವವನ್ನು ಹೀಗೆ ಕಾಯಲು ಬರುತ್ತದೆಂದರೆ! ಹಿಂದಿನ ಕಾಲದ ಹೆಂಗಸರು ಇದನ್ನು ಎಲ್ಲಿ ಕಲಿತರೋ.

ಅದೇ ಮಾತು ಮೊನ್ನೆ ಸಮೀಕ್ಷಾಳ ಬಾಯಿಂದ ಬಂದಾಗ ಯಾಕೆ ಅಷ್ಟು ಕೆಟ್ಟದಾಗಿ ಕೇಳಿಸಿತು? ಪಕ್ಕದ ಕುರ್ಚಿ ಖಾಲಿಯಿತ್ತು. ರಾಹಿಲಾ ಇವತ್ತು ರಜೆ, ತನ್ನ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದಾಳೆ. ಮೊನ್ನೆ ಊಟದ ಹೊತ್ತಿಗೆ ಟಿಫಿನ್ನಿನ ಮುಚ್ಚಳ ತಿರುಗಿಸುತ್ತ ರಾಹಿಲಾ ಹೇಳಿದ್ದಳು, ‘ನಮ್ಮ ಅಜ್ಜಿಯ ಕಣ್ಣಿನ ನರ ಒಣಗಿದೆ ಅಂತೆ ಸಮೀ. ಹೋದದ್ದು ವಾಪಸ್ ಬರುದಿಲ್ಲ. ಈಗ ಮಧ್ಯದಲ್ಲಿ ಒಂದು ತೂತಿನಷ್ಟು ಕಾಣ್ತದೆ, ಅದೂ ಎಷ್ಟು ಸಮಯವೋ. ಅವರಿಗೆ ಒಂದೇ ಹಟ. ಗಿರಿಜಕ್ಕನ ಒಟ್ಟಿಗೆ ಒಮ್ಮೆ ಪಣಂಬೂರಿಗೆ ಹೋಗ್ಬೇಕು, ಮನೆ ನೋಡ್ಬೇಕು ಅಂತ. ನಿನ್ನ ಅಜ್ಜಿಯನ್ನು ಒಮ್ಮೆ ಕರಕೊಂಡು ಬರ್ತೀಯಾ?’ ಮನೆಯೆಂದರೆ ಯಾವ ಮನೆ ಎಂದು ಸಮೀಕ್ಷಾ ಕೇಳಬೇಕಾಗಿರಲಿಲ್ಲ. ಬಂದರು ಕಟ್ಟಲು ಊರು ಬಿಡಿಸುವ ಮೊದಲು ಇಬ್ಬರು ಅಜ್ಜಿಯರ ಮನೆಗಳೂ ಪಣಂಬೂರಿನಲ್ಲಿ ಆಚೀಚೆ ಇದ್ದವು. ಊರನ್ನು ಅಗೆದು ಹೊಂಡ ಮಾಡಿ, ಕಡಲನ್ನು ಒಳಕ್ಕೆ ಕರೆದರು. ಈಗ ಅಲ್ಲಿ ಹಡಗು ನಿಲ್ಲುತ್ತದೆ; ನೋಡಬೇಕೆಂದರೆ ಪಕ್ಕದ ಬೀಚಿನಿಂದಲೇ. ರಾಹಿಲಾಳ ಅಜ್ಜಿ ಸುಹರಾಳ ಮನೆಯವರು ಕಾಟಿಪಳ್ಳಕ್ಕೆ ಹೋದರು, ಸಮೀಕ್ಷಾಳ ಅಜ್ಜಿ ಗಿರಿಜಾಳ ಮನೆಯವರು ಕಾವೂರಿಗೆ. ಆಮೇಲೆ ಮದುವೆ ಮನೆಯಲ್ಲೋ ಬಟ್ಟೆಯಂಗಡಿಯಲ್ಲೋ ಸಿಕ್ಕಾಗಲೆಲ್ಲ ಸುಹರಾ ಅದನ್ನೇ ಕೇಳುವುದು, ‘ಒಮ್ಮೆ ಹೋಗಿ ನೋಡಿ ಬರುವ ಗಿರಿಜಕ್ಕ’, ಅಜ್ಜಿ ತನ್ನ ಅದೇ ‘ತೂಕ’ ಎನ್ನುವುದು. ನೀರಾದ ಮನೆಯನ್ನು ಯಾರು ನೋಡುತ್ತಾರೆ? ಇಬ್ಬರೂ ನಗುತ್ತಿದ್ದರು. ಆದರೆ ಮೊನ್ನೆ ರಾಹಿಲಾ ನಗುತ್ತಿರಲಿಲ್ಲ. ‘ನೋಡುವ’ ಎಂದಳು ಸಮೀಕ್ಷಾ. ಅಜ್ಜಿಯ ಮಂಡಿನೋವು, ಅಪ್ಪನ ದೇವಸ್ಥಾನದ ಕೆಲಸ ಎಂದು ಆಮೇಲೆ ತನಗೆ ತಾನೇ ಕಾರಣ ಕೊಟ್ಟುಕೊಂಡಳು. ನಿಜ ಬೇರೆಯೇ ಇತ್ತು. ಬೀಚು ಎಂದ ಕೂಡಲೇ ಅವಳ ಕಣ್ಣಿಗೆ ಬಂದದ್ದು ಬುರ್ಖಾ ಮತ್ತು ಕುಂಕುಮ ಒಂದೇ ಬೆಂಚಿನಲ್ಲಿ ಕೂತಿರುವುದು, ದೂರದಲ್ಲಿ ಯಾರೋ ಬೈಕಿಗೆ ಒರಗಿ ಮೊಬೈಲ್ ಎತ್ತಿ ಹಿಡಿದಿರುವುದು. ಇಬ್ಬರು ಮುದುಕಿಯರನ್ನು ಯಾರು ಏನು ಮಾಡುತ್ತಾರೆ? ಯಾರೂ ಏನೂ ಮಾಡುವುದಿಲ್ಲ. ಆದರೂ ಹಾಗೊಂದು ಚಿತ್ರ ಬಂತಲ್ಲ, ಅದೂ ರಾಹಿಲಾಳ ಟಿಫಿನ್ನಿನಿಂದ ನೀರ್ದೋಸೆ ಹರಿದು ತಿನ್ನುತ್ತಿರುವಾಗ. ರಾಹಿಲಾ ಅವಳ ಮುಖವನ್ನು ಒಮ್ಮೆ ನೋಡಿ, ‘ಹಾಂ, ನೋಡುವ’ ಎಂದು ಮುಚ್ಚಳ ಹಾಕಿದ್ದಳು. ಈ ಊರಲ್ಲೇ ಹುಟ್ಟಿದವಳು. ಅವಳಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತೆಲ್ಲ ಸರಿಯಾಗಿಯೇ ಇತ್ತು, ಹೊಸ ಪಾತ್ರೆಯ ಮೇಲೆ ಅಂಟಿದ ಚೀಟಿಯ ಹಾಗೆ ಏನೋ ಒಂದು ಮಾತ್ರ ಉಜ್ಜಿದರೂ ಹೋಗುತ್ತಿರಲಿಲ್ಲ.

ಅವಳು ಫೋನ್ ತೆಗೆದು ಅಜ್ಜಿಗೆ ಕರೆ ಮಾಡಿದಳು. ಯಾಕೆಂದು ಅವಳಿಗೂ ಸರಿ ಗೊತ್ತಿರಲಿಲ್ಲ. ಪದದ ವಿಷಯ ಕೇಳಲೋ, ಬರೀ ಆ ದನಿ ಕೇಳಲೋ.

‘ಅಜ್ಜೀ, ಆ ತುರಿಕೆ ರಾಜನ ಕತೆ ಹೇಗೆ ಮುಗಿಯುದು?’

‘ಆಫೀಸಿನಲ್ಲಿ ಕೆಲಸ ಇಲ್ವಾ ನಿನಗೆ?’

‘ಇದೇ ಕೆಲಸ.’ ಅವಳು ಅಸಾಧ್ಯದ ಕತೆ ಹೇಳಿದಳು, ತಿವಾರಿಯ ಕತೆ ಹೇಳಿದಳು. ಅಜ್ಜಿ ನಕ್ಕಳು. ಆ ನಗುವಿನ ಬಿಸಿಯಲ್ಲಿ ಸಡಿಲಾಗಿ, ಹೇಳಬಾರದೆಂದುಕೊಂಡದ್ದೂ ಹೊರಗೆ ಬಿತ್ತು: ಸುಹರಾಳ ಕಣ್ಣು, ಪಣಂಬೂರು, ಮುಚ್ಚಿದ ಟಿಫಿನ್ನು.

ಫೋನಿನಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಿಸಿತು. ‘ಅಜ್ಜೀ?’

‘ಅವಳ ಕಣ್ಣು ಹೋಗ್ತಾ ಉಂಟು ಅಂತ ನನಗೆ ಈಗ ಹೇಳುದಾ ನೀನು?’

‘ಇಲ್ಲ ಅಜ್ಜಿ, ನಾನು...’

‘ನೀನು ಎಂತ ಹೇಳಿದ್ದು ಆ ಹುಡುಗಿಗೆ?’

‘ನೋಡುವ ಅಂದೆ.’

‘ಯಾರು ಯಾರು?’

‘ಎಂತ ಯಾರು ಯಾರು?’

‘ನೋಡುವ ಅಂದದ್ದಲ್ವಾ? ನೋಡ್ತೇನೆ ಅಂದ್ರೆ ಒಬ್ಬಳು. ನೋಡುವ ಅಂದ್ರೆ ಇಬ್ಬರಾದರೂ ಬೇಕಲ್ಲ. ಯಾರು ಯಾರು ನೋಡುದು ಅಂತ ಹೇಳಿದ್ದೀಯಾ?’

ಕನ್ನಡ ಎಂ.ಎ. ಮಾಡಿದವಳು ಸಮೀಕ್ಷಾ, ವ್ಯಾಕರಣದ ಪಾಠದಲ್ಲಿ ಅದನ್ನು ಓದಿದ್ದಳು, ಬರೆದು ಮಾರ್ಕು ತಗೊಂಡಿದ್ದಳು. ಆದರೆ ಆ ‘ವ’ದೊಳಗೆ ಎದುರು ನಿಂತವರ ಕೈ ಹಿಡಿದುಕೊಂಡ ಹಾಗೆ ಇನ್ನೊಬ್ಬರಿದ್ದಾರೆ ಎಂದು ಯಾವತ್ತೂ ಕಂಡಿರಲಿಲ್ಲ. ಆಗದ ಕೆಲಸವನ್ನು ಆಗದೆಂದು ಹೇಳುವಾಗಲೂ ನಮ್ಮವರು ಕೇಳಿದವರನ್ನು ಒಬ್ಬರನ್ನೇ ಬಿಡುವುದಿಲ್ಲ. ಜೊತೆಗೆ ನಿಲ್ಲುತ್ತಾರೆ, ಅಥವಾ ನಿಂತಂತೆ ಮಾಡುತ್ತಾರೆ. ಆ ಎರಡರ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ಜಾಗದಲ್ಲಿ ಅವಳು ಮೊನ್ನೆಯಿಂದ ಒದ್ದಾಡುತ್ತಿದ್ದುದು. ಅತ್ತ ಅಜ್ಜಿ ಫೋನ್ ಇಟ್ಟಾಗಿತ್ತು.

ನಾಲ್ಕು ಗಂಟೆಯ ಟೀ ಬರುವಷ್ಟರಲ್ಲಿ ಕೆಳಗಿನಿಂದ ರಿಕ್ಷಾದ ಹಾರನ್ನು ಕೇಳಿಸಿತು, ನಿಲ್ಲಿಸದೆ. ಕಿಟಕಿಯಿಂದ ಬಗ್ಗಿದರೆ ಚನಿಯನ ರಿಕ್ಷಾ. ಅಜ್ಜಿಯನ್ನು ಆಸ್ಪತ್ರೆಗೆ, ದೇವಸ್ಥಾನಕ್ಕೆ ಕರಕೊಂಡು ಹೋಗುವ ಕಾವೂರಿನ ಚನಿಯ. ಹಿಂದಿನ ಸೀಟಿನಲ್ಲಿ ಹಸಿರು ಅಂಚಿನ ಸೀರೆ, ಮಡಿಲಲ್ಲಿ ಸ್ಟೀಲಿನ ನೀರಿನ ಬಾಟಲಿ. ಹೊರಗೆ ಎಲ್ಲಿಗೆ ಹೋದರೂ ಮನೆಯ ಬಾವಿಯ ನೀರನ್ನಲ್ಲದೆ ಬೇರೆ ನೀರನ್ನು ಅಜ್ಜಿ ಕುಡಿಯುವುದಿಲ್ಲ.

‘ಸರ್, ನಾನು ಹೊರಡ್ತೇನೆ. ಪದ ನಾಳೆ ಕೊಡ್ತೇನೆ.’

‘ಕೊಡ್ತೀಯಾ? ಅಥವಾ ನೋಡುವ ಅಂತಲಾ?’ ಎಂದರು ಬೆನೆಡಿಕ್ಟ್ ಸರ್, ಲೋಟಗಳನ್ನು ಒಂದರೊಳಗೊಂದು ಇಡುತ್ತ.

ರಿಕ್ಷಾ ಹತ್ತಿದ ಮೇಲೆ ಅವಳು ಕೇಳಿದಳು, ‘ಅಪ್ಪನಿಗೆ ಹೇಳಿದ್ದೀರಾ?’

‘ಹೇಳಿದೆ. ಪಣಂಬೂರಿಗೆ ಹೋಗ್ಲಿಕ್ಕುಂಟು ಅಂದೆ. ರಾಧಾಕೃಷ್ಣ ನೋಡುವ ಅಂದ.’

‘ಮತ್ತೆ?’

‘ಮತ್ತೆಂತ? ಹಾಗಾದ್ರೆ ನೀನೂ ಬಾ ಅಂದೆ. ಅವನಿಗೆ ಸಂಜೆ ಪೂಜೆ ಉಂಟಂತೆ. ನೀವೇ ನೋಡಿ ಬನ್ನಿ ಅಂತ ಹೇಳುವ ಹಾಗಾಯ್ತು ಪಾಪ.’

ಚನಿಯ ಕನ್ನಡಿಯಲ್ಲಿ ನಕ್ಕ. ‘ಭಟ್ರು ಸಿಕ್ಕಿಬಿದ್ರು.’

ಸಮೀಕ್ಷಾ ರಾಹಿಲಾಳಿಗೆ ಫೋನ್ ಮಾಡಿದಳು. ‘ಎಲ್ಲಿದ್ದೀ? ಅಜ್ಜಿಯನ್ನು ಸೀದಾ ಪಣಂಬೂರಿಗೆ ಕರಕೊಂಡು ಬಾ. ನಾವು ದಾರಿಯಲ್ಲಿದ್ದೇವೆ.’ ಆ ಕಡೆ ಬಸ್ಸಿನ ಸದ್ದು. ‘ನಿಜವಾಗಿಯೂ?’ ಎಂದಳು ರಾಹಿಲಾ. ಅವಳ ದನಿಯಲ್ಲಿ ಪಾತ್ರೆಗೆ ಅಂಟಿದ ಆ ಚೀಟಿಯ ಒಂದು ಮೂಲೆ ಎದ್ದಂತೆ ಕೇಳಿಸಿತು. ಕೂಳೂರಿನ ಸಂಕದ ಮೇಲೆ ಲಾರಿಗಳ ಸಾಲು. ಕೆಳಗೆ ಹೊಳೆ ಬೆಳ್ಳಿಯ ತಗಡಿನ ಹಾಗೆ ಬಿದ್ದಿತ್ತು. ಅಜ್ಜಿ ಹೊರಗೆ ನೋಡುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು, ‘ಸುಹರಾಳ ಮನೆಯವರ ಸಾಮಾನು ಹೀಗೇ ಒಂದು ಲಾರಿಯಲ್ಲಿ ಹೋದದ್ದು. ಚಾಪೆ, ಅಕ್ಕಿ ಅಳೆಯುವ ಕಳಸಿಗೆ, ಕೋಳಿಬುಟ್ಟಿ, ಅದರ ಮೇಲೆ ಇವಳು. ಇನ್ನು ಯಾವಾಗ ನಮ್ಮ ಮನೆ ನೋಡುದು ಗಿರಿಜಕ್ಕ ಅಂತ ಕೂಗಿ ಕೇಳಿದಳು. ನಾನು ಗೇಟಿನ ಮೇಲೆ ನಿಂತು ತೂಕ ಅಂದೆ. ದೊಡ್ಡವರು ಹಾಗೆ ಹೇಳ್ತಿದ್ದರಲ್ಲ, ಅದಕ್ಕೆ. ನನಗೆ ಅರ್ಥ ಗೊತ್ತಿರ್ಲಿಲ್ಲ. ಅವಳಿಗೂ ಗೊತ್ತಿರ್ಲಿಲ್ಲ. ಅವಳು ನಂಬಿಬಿಟ್ಟಳು.’ ಸಮೀಕ್ಷಾ ಆ ಕೈಯನ್ನು ನೋಡಿದಳು, ಬಾಟಲಿಯನ್ನು ಮಗುವಿನ ಹಾಗೆ ಹಿಡಿದ ಕೈ. ಇಷ್ಟು ವರ್ಷ ಕತೆ ದಡದಲ್ಲಿ ನಿಲ್ಲುತ್ತಿದ್ದುದು ಆಕಳಿಕೆಯಿಂದಲ್ಲವೇನೋ ಎನಿಸಿತು. ಕೇಳಲಿಲ್ಲ. ಕೇಳಿದರೆ ಅಜ್ಜಿ ಮಾತು ಬದಲಿಸುತ್ತಾಳೆ, ಗೊತ್ತು.

ಬೀಚಿನಲ್ಲಿ ಒಂಟೆಯೊಂದು ಬೇಸರದಿಂದ ನಿಂತಿತ್ತು. ಚರುಂಬುರಿಯ ಗಾಡಿಯವರು ಈರುಳ್ಳಿ ಹೆಚ್ಚುತ್ತಿದ್ದರು. ಬಲಗಡೆ, ಕಲ್ಲಿನ ದಂಡೆಯಾಚೆ, ಬಂದರಿನ ಕ್ರೇನುಗಳು ಕತ್ತು ನೀಡಿದ್ದವು. ಒಂದು ಹಡಗಿನ ಮೇಲಿನ ತುದಿ ಮಾತ್ರ ಕಾಣುತ್ತಿತ್ತು, ಕೆಂಪು ಬಣ್ಣದ್ದು. ಸುಹರಾ ಸಿಮೆಂಟಿನ ಬೆಂಚಿನಲ್ಲಿ ಆಗಲೇ ಬಂದು ಕೂತಿದ್ದರು, ಪಕ್ಕದಲ್ಲಿ ರಾಹಿಲಾ. ಹೆಜ್ಜೆಯ ಸದ್ದಿಗೆ ಮುಖವನ್ನು ಸ್ವಲ್ಪ ಓರೆ ಮಾಡಿ, ಆ ತೂತಿನಷ್ಟು ಬೆಳಕಿನೊಳಗೆ ಬಂದವರನ್ನು ಹುಡುಕಿ ಹಿಡಿದರು.

‘ಗಿರಿಜಕ್ಕ! ಹಸಿರು ಸೀರೆ.’

‘ಅಂಚು ಮಾತ್ರ ಹಸಿರು. ಸೀರೆ ಹಳದಿ.’

‘ಕಂಡಷ್ಟು ಹೇಳಿದೆ ಮಾರಾಯ್ತಿ. ಉಳಿದದ್ದು ನೀವು ಹೇಳಿ.’ ಇಬ್ಬರೂ ತುಳುವಿಗೆ ಹೊರಳಿಕೊಂಡರು. ಆ ತುಳು ಈಗ ಮನೆಯಲ್ಲಿ ಕೇಳುವ ತುಳುವಲ್ಲ, ಹುಡುಗಿಯರದು. ಮಾತಿಗೆ ಮುಂಚೆ ನಗು ಬಂದು ಕೂರುತ್ತಿತ್ತು. ಅಜ್ಜಿ ಬೆಂಚಿನಲ್ಲಿ ಕೂತು, ಮಂಡಿ ನೀವಿಕೊಂಡು, ಕೈ ಚಾಚಿದಳು. ‘ಆ ಕೆಂಪು ಹಡಗು ಉಂಟಲ್ಲ, ಅದರ ಪಕ್ಕದ ಕ್ರೇನಿನ ಬುಡದಲ್ಲಿ ನಮ್ಮ ಅಂಗಳ. ತುಳಸಿಕಟ್ಟೆ. ಅದರ ಆಚೆಗೆ ಬಾವಿ. ಮತ್ತೆ ಬೇಲಿ, ಬೇಲಿಯ ಆಚೆ ನಿಮ್ಮದು.’

‘ಅಲ್ಲ,’ ಎಂದರು ಸುಹರಾ.

‘ಎಂತ ಅಲ್ಲ?’

‘ಬಾವಿ ತುಳಸಿಕಟ್ಟೆಯ ಈಚೆ. ನಮ್ಮ ಬೇಲಿಯ ಬದಿಗೆ ಇದ್ದದ್ದು ಹಲಸಿನ ಮರ.’

‘ನನಗೆ ನಮ್ಮ ಬಾವಿ ಗೊತ್ತಿಲ್ವಾ ಸುಹರಾ? ದಿನಾ ನೀರು ಸೇದಿದವಳು ನಾನು.’

‘ಸೇದುವವರು ಹಗ್ಗ ನೋಡ್ತಾರೆ ಗಿರಿಜಕ್ಕ. ನಾನು ಕೊಡಪಾನ ಹಿಡಿದು ಬೇಲಿಯ ಹತ್ತಿರ ನಿಲ್ಲುದು, ನಿಮ್ಮ ಅಮ್ಮ ಬಂದು ಮೇಲಿನಿಂದ ಹೊಯ್ಯುವವರೆಗೆ. ಆ ಹಗ್ಗವನ್ನು ನಾನು ಒಮ್ಮೆಯೂ ಮುಟ್ಟಿದ್ದಿಲ್ಲ. ಅಷ್ಟು ಹೊತ್ತು ನಿಂತು ನೋಡ್ಲಿಕ್ಕೆ ಮತ್ತೆಂತ ಇತ್ತು ನನಗೆ? ಬಾವಿ, ತುಳಸಿಕಟ್ಟೆಯ ಈಚೆ.’

ಸುಹರಾ ಅದನ್ನು ನೋವಿನಿಂದ ಹೇಳಲಿಲ್ಲ. ಲೆಕ್ಕ ತಪ್ಪಿದ ಗೆಳತಿಯನ್ನು ತಿದ್ದುವ ಹಾಗೆ ಹೇಳಿದರು. ರಾಹಿಲಾ ಕಡಲಿನ ಕಡೆ ನೋಡಿದಳು. ಸಮೀಕ್ಷಾ ತನ್ನ ಚಪ್ಪಲಿಯ ಬಾರು ನೋಡಿದಳು. ಕಿವಿ ಬಿಸಿಯಾಯಿತು, ಅವಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನ ನೀರು ಅದು, ಆದರೂ ಎತ್ತಿ ಹೊಯ್ದ ಆ ಸದ್ದು ಕೇಳಿಸಿದ ಹಾಗೆ. ಬೈಕಿಗೆ ಒರಗಿದವರು ಯಾರೂ ಇರಲಿಲ್ಲ. ಮೊಬೈಲ್ ಎತ್ತಿದವರೆಲ್ಲ ಒಂಟೆಯ ಕಡೆಗೇ ಎತ್ತಿದ್ದರು. ಅಜ್ಜಿ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಚಾಚಿದ ಬೆರಳು ಮೆಲ್ಲಗೆ, ಗಾಳಿಯಲ್ಲೇ, ಬಾವಿಯನ್ನು ಎತ್ತಿ ತುಳಸಿಕಟ್ಟೆಯ ಈಚೆಗೆ ಇಟ್ಟಿತು.

‘ಹೌದು,’ ಎಂದಳು ಅಜ್ಜಿ. ‘ಈಗ ಕಾಣ್ತದೆ.’

ಆಮೇಲೆ ಇಬ್ಬರೂ ಸೇರಿ ಕಟ್ಟತೊಡಗಿದರು. ಸುಹರಾ ಹಲಸಿನ ಮರ ನೆಟ್ಟರು, ಅಜ್ಜಿ ಅದಕ್ಕೆ ಕಾಯಿ ಬಿಡಿಸಿದಳು. ಮಸೀದಿಗೆ ಹೋಗುವ ಓಣಿ, ಓಣಿಯಲ್ಲಿ ಒಣಹಾಕಿದ ಮೀನು, ಮೀನಿನ ವಾಸನೆಗೆ ಮೂಗು ಮುಚ್ಚಿ ಓಡುವ ಗಿರಿಜಾ, ಹಿಂದಿನಿಂದ ಒಂದು ಬಂಗುಡೆ ಹಿಡಿದು ಅಟ್ಟುವ ಸುಹರಾ. ಒಂದು ಕಿಟಕಿಯ ಬಗ್ಗೆ ಜಗಳವಾಯಿತು, ಬಗೆಹರಿಯಲಿಲ್ಲ. ಕಿಟಕಿ ಎರಡು ಕಡೆಯೂ ಉಳಿಯಿತು. ಹಡಗು ನಿಂತಲ್ಲೇ ನಿಂತಿತ್ತು. ಕಣ್ಣು ಹೋಗುತ್ತಿರುವವರು ಮತ್ತು ಕಣ್ಣಿರುವವರು ಇಬ್ಬರೂ ಒಂದೇ ಕಡೆಗೆ, ಏನೂ ಇಲ್ಲದ ಕಡೆಗೆ, ಎವೆ ಬಡಿಯದೆ ನೋಡುತ್ತಿದ್ದರು. ಇವರು ಎಂಥ ಹೆಂಗಸರು ಎಂದುಕೊಂಡಳು ಸಮೀಕ್ಷಾ, ಅದಕ್ಕೆ ಸರಿಯಾದ ಪದ ಅವಳ ಯಾವ ಚೌಕದಲ್ಲೂ ಇರಲಿಲ್ಲ.

ಗಾಳಿಗೆ ಸುಹರಾಗೆ ಕೆಮ್ಮು ಬಂತು. ಅಜ್ಜಿ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು. ಸುಹರಾ ಅದನ್ನು ತಡವಿ ಗುರುತು ಹಿಡಿದು, ಹಳೆಯ ಅಭ್ಯಾಸದಂತೆ ಮುಖ ಮೇಲೆತ್ತಿ, ತುಟಿಗೆ ತಾಗಿಸದೆ ಹೊಯ್ದುಕೊಳ್ಳಲು ನೋಡಿದರು. ಅಂದಾಜು ತಪ್ಪಿ ಮೂಗು, ಗಲ್ಲ, ಎದೆಯ ಬುರ್ಖಾ ಎಲ್ಲ ಒದ್ದೆ.

‘ಕಚ್ಚಿ ಕುಡಿ ಮಾರಾಯ್ತಿ,’ ಎಂದಳು ಅಜ್ಜಿ. ‘ಮುಖ ತೊಳೆಯುದಾ ಅದರಲ್ಲಿ?’

ಸುಹರಾ ಒಂದು ಕ್ಷಣ ತಡೆದರು. ಕಚ್ಚಿ ಕುಡಿದರು. ಬಾಟಲಿ ವಾಪಸು ಬಂತು. ಅಜ್ಜಿ ಅದರ ಅಂಚನ್ನು ಒರೆಸಲಿಲ್ಲ, ನೀರನ್ನು ಚೆಲ್ಲಲಿಲ್ಲ. ತಾನೂ ಹಾಗೇ ಕಚ್ಚಿ, ಉಳಿದದ್ದನ್ನು ಕುಡಿದು ಮುಗಿಸಿ, ಮುಚ್ಚಳ ಬಿಗಿದಳು. ಅಷ್ಟೇ. ಬೇರೆ ಯಾರಾದರೂ ಆ ಹೊತ್ತಿಗೆ ಅಲ್ಲಿಂದ ಹಾದುಹೋಗಿದ್ದರೆ ಬಾಯಾರಿದ ಇಬ್ಬರು ಮುದುಕಿಯರನ್ನು ಮಾತ್ರ ಕಾಣುತ್ತಿದ್ದರು. ಸಮೀಕ್ಷಾಳ ಕೈಗೆ ಏನೋ ತಾಗಿತು: ರಾಹಿಲಾಳ ಕಿರುಬೆರಳು, ಬೆಂಚಿನ ಹಿಂದಿನಿಂದ.

ಬಂದರಿನಲ್ಲಿ ದೀಪಗಳು ಹತ್ತತೊಡಗಿದವು. ಸುಹರಾ ಕಣ್ಣು ಒರೆಸಿಕೊಂಡು, ಇನ್ನೊಮ್ಮೆ ಆ ಕಡೆಗೆ ಮುಖ ಮಾಡಿ, ಅಂಗಳದಿಂದ ಬೇಲಿಯವರೆಗೆ ನಿಧಾನವಾಗಿ ಕತ್ತು ಹೊರಳಿಸಿದರು. ಆಮೇಲೆ ಅಜ್ಜಿಯ ತೋಳಿಗೆ ಕೈಯಿಟ್ಟು ಎದ್ದು ನಿಂತರು.

‘ನೋಡಿ ಆಯ್ತು ಗಿರಿಜಕ್ಕ,’ ಎಂದರು. ‘ಹೋಗುವ.’